ಸೋಮವಾರದ ಬಟನ್

ಮ್ಯಾನೇಜರ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ತಲೆ ತಗ್ಗಿಸಿ ನಿಂತಿದ್ದ. ಹೊರಗೆ ಅವಳು ಕಿವಿಗೊಟ್ಟು ನಿಂತಿದ್ದಳು.

ತಪ್ಪು ಅವಳದು. ಬೈಗುಳ ಅವನಿಗೆ.

ಬಸ್ ಡಿಪೋದಲ್ಲಿ ಡ್ರೈವರ್‌ಗಳ ಡ್ಯೂಟಿ ಚಾರ್ಟ್ ಮಾಡುವುದು ಅವಳ ಕೆಲಸ. ಎಕ್ಸೆಲ್‌ನಲ್ಲಿ ವಾರಕ್ಕೊಂದು ಶೀಟ್. ಪ್ರತಿ ಸೋಮವಾರ ಅವಳು ಶೀಟ್ ಕಾಪಿ ಮಾಡಿ ಹೆಸರು ಟೈಪ್ ಮಾಡುವ ಪಾಡು ನೋಡಲಾಗದೆ, ಆಗಾಗ ನೆರವಿಗೆ ಬರುತ್ತಿದ್ದ ಕಂಪ್ಯೂಟರ್ ವಿಭಾಗದ ಅವನು ಒಂದು ಮ್ಯಾಕ್ರೋ, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟಿದ್ದ. ಬಟನ್ ಒತ್ತಿದರೆ ಸಾಕು, ಹೊಸ ಶೀಟ್ ತಾನಾಗಿ ಬಂದು 'ವಾರ 21', 'ವಾರ 22' ಎಂದು ಹೆಸರಿಟ್ಟುಕೊಳ್ಳುತ್ತಿತ್ತು.

"ಇನ್ಮೇಲೆ ನನ್ನ ಕಾಟ ಇರಲ್ಲ ಬಿಡಿ," ಎಂದು ನಕ್ಕಿದ್ದ. ಆ ಕಾಟವೇ ಅವಳಿಗೆ ಬೇಕಿತ್ತು.

ಒಂದೇ ಹೆಸರಿನ ಎರಡು ಶೀಟ್ ಇರುವಂತಿಲ್ಲ. ಹೆಸರು ಮೊದಲೇ ಇದ್ದರೆ ಮ್ಯಾಕ್ರೋ ಅಲ್ಲೇ ಮುಗ್ಗರಿಸುತ್ತದೆ. ಇದು ಗೊತ್ತಾದ ಮೇಲೆ ಅವಳು ಶನಿವಾರ ಹೊರಡುವ ಮುನ್ನ, ಮುಂದಿನ ವಾರದ ಹೆಸರಲ್ಲಿ ಖಾಲಿ ಶೀಟೊಂದನ್ನು ಕೈಯಾರೆ ಮಾಡಿಡತೊಡಗಿದಳು. ಸೋಮವಾರ ಫೋನ್ ಮಾಡುತ್ತಿದ್ದಳು: "ಕೆಟ್ಟೋಗಿದೆ, ಬನ್ನಿ."

ಅವನು ಬಂದು ಪಕ್ಕದ ಕುರ್ಚಿ ಎಳೆದುಕೊಳ್ಳುತ್ತಿದ್ದ. ಸ್ಕ್ರೀನ್ ನೋಡಬೇಕಾದ ಕಣ್ಣು ಆಗಾಗ ಅವಳ ಕಿವಿಯೋಲೆಯ ಕಡೆ ಜಾರುತ್ತಿತ್ತು. ಸಿಕ್ಕಿಬಿದ್ದರೆ ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಿದ್ದ.

ಈ ಸೋಮವಾರ ಅವನ ಬೈಕ್ ಕೈಕೊಟ್ಟಿತು. ಆ ಖಾಲಿ ಶೀಟ್ ಅಳಿಸಿ ಬಟನ್ ಒತ್ತುವುದು ಅವಳಿಗೆ ಬಾರದ್ದೇನಲ್ಲ. ಈಗ ಬರುತ್ತಾನೆ, ಇನ್ನೇನು ಬಂದ ಎಂದು ಕಾದಳು. ಗೋಡೆಯ ಮೇಲೆ ಹಳೇ ಚಾರ್ಟೇ ಉಳಿಯಿತು. ಕೆಲವರು ಅದನ್ನೇ ನಂಬಿದರು, ಕೆಲವರು ತಮ್ಮ ಪಾಳಿ ಬದಲಾಗಿದೆ ಎಂದುಕೊಂಡರು. ಒಂದೇ ಬಸ್ಸಿಗೆ ಇಬ್ಬರು ಡ್ರೈವರ್‌ಗಳು ಬಂದು ಜಗಳವಾಡಿದರು. ಇನ್ನೊಂದು ಬಸ್ಸು ಡ್ರೈವರ್ ಇಲ್ಲದೆ, ತುಂಬಿದ ಜನರೊಂದಿಗೆ ಹಾಗೇ ನಿಂತಿತು.

"ನಿಮ್ಮ ಮ್ಯಾಕ್ರೋ ಸಹವಾಸವೇ ಬೇಡ. ಬೇರೆ ಡಿಪೋಗೆ ಹಾಕಿಸ್ತೀನಿ, ಹೋಗಿ," ಎನ್ನುತ್ತಿದ್ದರು ಮ್ಯಾನೇಜರ್.

"ತಪ್ಪು ನಂದೇ ಸಾರ್," ಎಂದ ಅವನು.

ಒಳಗೆ ಹೋದರೆ ಮಾನ ಮೂರು ಕಾಸಿಗೆ. ಸುಮ್ಮನಿದ್ದರೆ ಅವನು ಇನ್ನು ಕಣ್ಣಿಗೂ ಬೀಳುವುದಿಲ್ಲ. ಬಾಗಿಲು ತಳ್ಳಿದಳು.

"ಅವರದಲ್ಲ ಸಾರ್. ಅದು ನಿಲ್ಲೋ ಹಾಗೆ ಮಾಡ್ತಿದ್ದಿದ್ದು ನಾನು. ಬೇಕಂತಲೇ."

"ಬೇಕಂತಲೇನಾ? ಯಾಕಮ್ಮ?"

ಅವಳ ಕಣ್ಣು ಅವನ ಕಡೆ ಹೋಯಿತು. ಅವನ ಕಿವಿ ಕೆಂಪಾಗಿತ್ತು. ಮ್ಯಾನೇಜರ್ ಇಬ್ಬರನ್ನೂ ನೋಡಿ ಹಣೆ ಉಜ್ಜಿಕೊಂಡರು.

"ನನ್ನ ಕರ್ಮ. ಹೋಗಿ, ಮೊದಲು ಅದನ್ನ ಸರಿಮಾಡಿ. ಇನ್ನೊಂದ್ಸಲ ಹೀಗಾದ್ರೆ ಇಬ್ರನ್ನೂ ಎತ್ತಂಗಡಿ ಮಾಡಿಸ್ತೀನಿ. ಬೇರೆ ಬೇರೆ ಕಡೆಗೆ."

ವರಾಂಡದಲ್ಲಿ ಅವಳು ಮೆಲ್ಲಗೆ ಕೇಳಿದಳು, "ನನಗೋಸ್ಕರ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ. ಹೆಸರು ಮೊದಲೇ ಇದ್ಯಾ ನೋಡು ಅಂತ ಒಂದು ಸಾಲು ಸೇರಿಸಿದ್ರೆ ಅದು ನಿಲ್ತಾನೇ ಇರ್ಲಿಲ್ಲ. ನೀವೇ ಆ ಶೀಟ್ ಮಾಡಿಡ್ತೀರಿ ಅಂತ ಎರಡನೇ ಸೋಮವಾರವೇ ಗೊತ್ತಾಗಿತ್ತು ನನಗೆ."

"ಮತ್ಯಾಕೆ ಸೇರಿಸ್ಲಿಲ್ಲ?"

"ಸೇರಿಸಿದ್ರೆ ನೀವು ಕರೀತಿದ್ರಾ?"

ಅವನು ಅವಳ ಕಂಪ್ಯೂಟರ್ ಮುಂದೆ ಕೂತು ಆ ಸಾಲು ಬರೆದ. ಅವಳು ನೋಡುತ್ತ ನಿಂತಳು. ಇನ್ನು ಯಾವ ನೆಪವೂ ಉಳಿಯಲಿಲ್ಲ.

ಮುಂದಿನ ಸೋಮವಾರ ಬಟನ್ ಒತ್ತಿದಳು. ಹೊಸ ಶೀಟ್ ತಕರಾರಿಲ್ಲದೆ ತೆರೆದುಕೊಂಡು ಹೆಸರಿಟ್ಟುಕೊಂಡಿತು. ಅವಳು ಫೋನ್ ಎತ್ತಿದಳು.

"ಏನಾಯ್ತು, ಮತ್ತೆ ನಿಂತೋಯ್ತಾ?"

"ಇಲ್ಲ. ಎಲ್ಲಾ ಸರಿಯಾಗಿದೆ."

ಅವಳು ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬನ್ನಿ," ಎಂದಳು.