ಜೇನು ಕುಡಿದ ನೀರು

"ಬಾಗಿಲು ತೆಗೀರಿ ಭಾವ! ಉಸಿರು ಕಟ್ತಿದೆ!"

"ಕಟ್ಟಲಿ!"

ಹೊರಗಿನಿಂದ ಚಿಲಕ ಹಾಕಿದ್ದು ನನ್ನ ಸ್ವಂತ ಅಕ್ಕನ ಗಂಡ ಸಾರ್. "ಒಂದು ಸಲ ಬಂದು ಕಣ್ಣಾರೆ ನೋಡು" ಅಂತ ಕರೆದ್ರು. ಬಂದೆ. ಹಿಂದೆಯೇ ಬಾಗಿಲು ಧಡಾರ್!

ಜೇನು ಒಣಗಿಸೋ ಕೋಣೆ ಅದು. ಅಗಲವಾದ ಟ್ರೇಗಳಲ್ಲಿ ತೆಳ್ಳಗೆ ಸುರಿದ ಜೇನು. ಬಿಸಿಗಾಳಿ ಊದೋ ಫ್ಯಾನು. ಗಾಳಿಯ ತೇವ ಹೀರಿ ಬಕೆಟ್‌ಗೆ ತೊಟ್ಟಿಕ್ಕಿಸೋ ಒಂದು ಮೆಷಿನ್. ಅಂಗಿ ಮೈಗೆ ಅಂಟಿಕೊಂಡಿತ್ತು.

ಟೈಮ್ ಮೂರೂವರೆ. ನಾಲ್ಕಕ್ಕೆ ಪೊಲೀಸರು ಬರ್ತಾರೆ, ಭಾವನನ್ನ ಎಳ್ಕೊಂಡು ಹೋಗೋಕೆ. ಕರೆಸಿದ್ದು ಓನರ್... ಹೆಸರು ಕೊಟ್ಟಿದ್ದು ನಾನು!

ಕಳ್ಳರನ್ನ ಹಿಡಿದುಕೊಡೋದೇ ನನ್ನ ಕೆಲಸ. ಈ ಓನರ್ ಜೇನಿನ ದಂಧೆಗೆ ಹೊಸಬ. "ಕೋಣೆಗೆ ನೂರು ಕೆಜಿ ಹೋದ್ರೆ ತೊಂಬತ್ತೈದು ವಾಪಸ್ ಬರುತ್ತೆ. ಯಾರೋ ಕದೀತಿದಾರೆ" ಅಂದ. ಕೋಣೆ ನೋಡ್ಕೊಳ್ತಿದ್ದ ಭಾವನಿಗೆ ಎರಡು ದಿನ ರಜೆ ಕೊಡಿಸಿ, ಇದೇ ಕೋಣೇಲಿ ರ‍್ಯಾಕ್ ಹಿಂದೆ ಅಡಗಿ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ.

ತಿಂಗಳಾದ್ಮೇಲೆ, ಆಗ ಟ್ರೇಗಳಲ್ಲಿದ್ದ ಜೇನು ತುಂಬಿದ ಡ್ರಮ್‌ಗಳು ಹುಳಿ ಬಂದು ಉಬ್ಬಿದ್ವು. ಒಂದರ ಮುಚ್ಚಳ ಹಾರೇ ಹೋಯ್ತು! ಟೆಸ್ಟ್ ಮಾಡಿದ್ರೆ ನೀರಿನಂಶ ಇಪ್ಪತ್ತೆರಡು ಪರ್ಸೆಂಟ್. ಇಪ್ಪತ್ತು ದಾಟಿದ್ರೆ ಜೇನು ಹುಳಿ ಬರುತ್ತಂತೆ. ಕದ್ದವನು ತೂಕ ಸರಿದೂಗಿಸೋಕೆ ನೀರು ಬೆರೆಸಿದಾನೆ ಅಂದ್ಕೊಂಡೆ. ಬೀಗದ ಕೈ ಇದ್ದದ್ದು ಭಾವನ ಹತ್ರ.

"ಲೋ ಪತ್ತೇದಾರ! ಬಕೆಟ್ ನೋಡೋ!" ಬಾಗಿಲಾಚೆಯಿಂದ ಭಾವ ಗುಡುಗಿದ್ರು.

"ಅರ್ಧ ಬಕೆಟ್ ನೀರಿದೆ..."

"ಬೆಳಿಗ್ಗೆ ಖಾಲಿ ಇಟ್ಟಿದ್ದೆ. ಅಷ್ಟೂ ಜೇನಿನಿಂದ ಹೋದ ನೀರು. ಒಣಗಿಸಿದ್ರೆ ತೂಕ ಇಳಿಯದೆ ಏರುತ್ತೇನೋ, ದಡ್ಡ ಶಿಖಾಮಣಿ? ಅದೇ ನಿನ್ನ ಕಳ್ಳ!"

ತಲೆ ಗಿರ್ ಅಂತು. ಗಾಳಿ ಬೇಕಿತ್ತು. ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. ಕಿರ್ ಅಂತು.

"ಕಿಟಕಿ ಮುಟ್ಟಬೇಡ!" ಭಾವ ಕಿರುಚಿದ್ರು. "ಹೊರಗೆ ಮಳೆ! ತೇವದ ಗಾಳಿ ಬಂದ್ರೆ ಜೇನು ಅಷ್ಟೂ ನೀರು ಕುಡಿಯುತ್ತೆ. ನಾನು ಹದಿನೆಂಟಕ್ಕೆ ಇಳಿಸಿದ್ದು ಮತ್ತೆ ಇಪ್ಪತ್ತೆರಡಾಗುತ್ತೆ!"

ಚಿಲಕದಿಂದ ಕೈ ತೆಗೆದೆ.

ಅಡಗಿ ಕೂತ ಆ ಎರಡು ದಿನವೂ ಮಳೆ ಸಾರ್. ಸೆಕೆ ತಡೀಲಾರದೆ ಈ ಕಿಟಕಿ ಪೂರಾ ತೆರೆದಿದ್ದೆ. ಸದ್ದಿಗೆ ಕಳ್ಳನ ಹೆಜ್ಜೆ ಕೇಳಲ್ಲ ಅಂತ ಮೆಷಿನ್ನೂ ಆಫ್ ಮಾಡಿದ್ದೆ. ಹೊರಡುವಾಗ ಎಲ್ಲಾ ಮೊದಲಿನ ಹಾಗೇ ಇಟ್ಟು ಬಂದೆ... ನೀಟಾಗಿ!

"ಭಾವ... ರಜೆಯಿಂದ ಬಂದ್ಮೇಲೆ ನೀರಿನಂಶ ಅಳೆದ್ರಾ?"

"ಹೋಗೋ ಮುಂಚೆ ಅಳೆದಿದ್ದೆ. ಹದಿನೆಂಟಿತ್ತು. ಬಂದು ಹಾಗೇ ಡ್ರಮ್‌ಗೆ ತುಂಬಿದೆ. ಯಾಕೆ?"

ಹೇಳಿದೆ. ಒಂದೂ ಬಿಡದೆ ಹೇಳಿದೆ.

ಆಮೇಲೆ ಚಿಲಕ ಸರಿಯಿತು. ಕೆನ್ನೆಗೆ ಬಾರಿಸ್ತಾರೆ ಅಂತ ಕಣ್ಣು ಮುಚ್ಚಿದೆ. ಕೈಗೆ ನೀರಿನ ಲೋಟ ಕೊಟ್ಟರು.

"ಕುಡಿ. ಎಷ್ಟು ಬೆವರಿದೀಯ ನೋಡು."

ಹೊಡೆದಿದ್ರೇ ಚೆನ್ನಾಗಿತ್ತು. ನಾಚಿಕೆಯಿಂದ ಸತ್ತೇಹೋದೆ ಸಾರ್.

ಗೇಟಿಗೆ ಓಡಿದೆ. ಜೀಪ್ ಬಂದು ನಿಂತಿತ್ತು.

"ಭಾವನದಲ್ಲ ಓನರ್ರೇ, ತಪ್ಪು ನಂದು!"

ಓನರ್ ನಕ್ಕ. "ನಿಮ್ಮ ಅಕ್ಕ ಅತ್ತಿರಬೇಕು, ನೀವು ಕರಗಿದ್ರಿ. ಸಾಕ್ಷಿ ಏನಿದೆ?"

"ಮೊನ್ನೆ ಅವರ ಹೆಸರು ಕೊಟ್ಟಾಗ ಸಾಕ್ಷಿ ಕೇಳಿದ್ರಾ?"

ಅವನ ನಗು ನಿಂತಿತು.

ಪೊಲೀಸರಿಗೆ ಜೀಪಿನ ಬಾನೆಟ್ ಮೇಲೇ ಬರೆದುಕೊಟ್ಟೆ. ಕಿಟಕಿ, ಮೆಷಿನ್, ಎರಡು ದಿನ... ಕೆಳಗೆ ನನ್ನ ಸೈನ್. ಜೀಪ್ ಖಾಲಿ ವಾಪಸ್ ಹೋಯ್ತು. ಭಾವ ಟ್ರೇಗಳ ಹತ್ರ ಹೋದ್ರು.

ಅಕ್ಕ ಇನ್ನೂ ನನ್ನ ಫೋನ್ ಎತ್ತಲ್ಲ. ಎತ್ತೋವರೆಗೂ ಮಾಡ್ತೀನಿ, ಬಿಡಿ. ನನ್ನನ್ನ ಕೊರೀತಿರೋದು ಬೇರೆ.

ಇದುವರೆಗೆ ನಲವತ್ತೊಂದು ಜನರನ್ನ ಹಿಡಿದುಕೊಟ್ಟಿದೀನಿ ಸಾರ್. ಎಲ್ಲರೂ "ನಾನಲ್ಲ" ಅಂದಿದ್ರು... ಭಾವನೂ ಅದನ್ನೇ ಅಂದಿದ್ರು!