ದ್ವಾದಶಿಯ ಬೆಳಿಗ್ಗೆ ಸ್ವಿಚ್ ಆಫ್

"ಒಂದು ಪರ್ಸೆಂಟಾ! ಇದನ್ನು ಹಿಡ್ಕೊಂಡು ಮನೆಯಿಂದ ಹೊರಗೆ ಬರ್ಲಿಕ್ಕೆ ನಿಮಗೆ ಧೈರ್ಯ ಉಂಟಲ್ಲ ಮಾರಾಯ್ರೆ!"

ಸುಮೇಧಾ ತಲೆ ಎತ್ತಲಿಲ್ಲ. ಮೈಲಾಪೂರಿನ ಆ ಹೋಟೆಲಿನ ಕೌಂಟರಿನ ಮೇಲೆ ಫೋನು ಇಟ್ಟು, "ಕೊಂಜಂ ಚಾರ್ಜ್…" ಎಂದು ಸ್ವಲ್ಪ ಚಾರ್ಜಿಗಷ್ಟೇ ತಮಿಳಿನಲ್ಲಿ ಕೇಳಿದ್ದಳು. ಅವಳ ಎದೆಗೊತ್ತಿದ್ದ ಡೈರಿಯ ಮೇಲಿನ ಕನ್ನಡ ಅಕ್ಷರ ನೋಡಿ ಅವನು ಕನ್ನಡದಲ್ಲೇ ಉತ್ತರ ಕೊಟ್ಟಿದ್ದ.

"ನೀವು… ಕನ್ನಡದವರಾ?"

"ಬ್ರಹ್ಮಾವರದವ. ರಜತ್. ಇದು ನಮ್ಮ ಮಾವನ ಹೋಟೆಲು. ಆ ಮೂಲೆ ಟೇಬಲಿನ ಹತ್ರ ಪ್ಲಗ್ ಉಂಟು, ಕೂತ್ಕೊಳ್ಳಿ. ಫೋನಿಗೆ ಕರೆಂಟು, ನಿಮಗೆ ಕಾಫಿ. ಆಯ್ತಾ?"

ಆಗ ಅವಳು ಕಣ್ಣೆತ್ತಿದಳು. ಒಂದೇ ಕ್ಷಣ! ಅವನ ನಗು ನೇರವಾಗಿ ಎದೆಗೆ ಇಳಿದುಹೋಯಿತು. ಆ ಸಂಜೆ ಡೈರಿಯಲ್ಲಿ ನಾಲ್ಕು ಪುಟ ತುಂಬಿತು.

ಅದಾಗಿ ಎಂಟು ತಿಂಗಳು. ವಾರಕ್ಕೆ ಮೂರು ಸಂಜೆ ಅದೇ ಮೂಲೆ ಟೇಬಲು, ಅದೇ ಪ್ಲಗ್ಗು. ಫೋನಿನಲ್ಲಿ ಚಾರ್ಜ್ ಇದ್ದ ದಿನವೂ ಅವಳು ಅದನ್ನು ಪ್ಲಗ್ಗಿಗೆ ಸಿಕ್ಕಿಸುತ್ತಿದ್ದಳು. ಅವನು ಮಾತಾಡುತ್ತಿದ್ದ, ಅವಳು ಕೇಳುತ್ತಿದ್ದಳು. ಹೇಳಬೇಕೆಂದುಕೊಂಡದ್ದೆಲ್ಲ ಮನೆಗೆ ಬಂದು ಬರೆಯುತ್ತಿದ್ದಳು. ಡಿಗ್ರಿ ಮುಗಿಸಿದ್ದರೂ ನಾಲ್ಕು ಜನರೆದುರು ಬಾಯಿ ಬಿಡಲಾರದ ಹುಡುಗಿ ಅವಳು. ಎಂಟು ತಿಂಗಳಲ್ಲಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆದಿರಲಿಲ್ಲ. "ಇಲ್ಲಿ ಕೇಳಿ…" ಅಷ್ಟೇ.

ಮೊನ್ನೆ ದಶಮಿಯ ಸಂಜೆ ಅವನ ಮುಖದಲ್ಲಿ ನಗುವಿರಲಿಲ್ಲ.

"ಊರಲ್ಲಿ ಅಪ್ಪ ಹುಡುಗಿ ನೋಡಿದ್ದಾರೆ. ಭಾನುವಾರ ನಿಶ್ಚಿತಾರ್ಥ ಅಂತೆ."

ಅವಳು ಕೈಯ ಲೋಟ ಕೆಳಗಿಟ್ಟಳು.

"ನೀನು ಒಂದು ಮಾತು ಹೇಳಿದ್ರೆ ನಾನು ಹೋಗುವುದಿಲ್ಲ. ನಾನೇ ಬಂದು ನಿಮ್ಮ ತಾತನ ಹತ್ರ ಮಾತಾಡ್ತೇನೆ. ಹೇಳದಿದ್ರೆ… ಅಪ್ಪನಿಗೆ ಬೇಡ ಅನ್ಲಿಕ್ಕೆ ನನ್ನ ಹತ್ರ ಎಂತ ಕಾರಣ ಉಂಟು? ದ್ವಾದಶಿ ಮಧ್ಯಾಹ್ನ ಒಂದು ಗಂಟೆಯ ರೈಲಿಗೆ ಟಿಕೆಟ್ ಮಾಡಿದ್ದೇನೆ."

"ಇಲ್ಲಿ ಕೇಳಿ… ನಂಗೆ ಒಂದು ದಿನ ಕೊಡಿ."

"ನಾಳೆ ಏಕಾದಶಿ. ನಿಮ್ಮ ಮನೆಯಲ್ಲಿ ಫೋನಿಗೂ ಉಪವಾಸ ಅಲ್ವಾ?"

ಹೌದು. ಅದು ಅವಳ ತಾತ ವಿಷ್ಣುತೀರ್ಥಾಚಾರ್ಯರ ಕಟ್ಟಳೆ. ದಶಮಿಯ ಸಂಜೆ ಮನೆಯ ಫೋನುಗಳೆಲ್ಲ ಅಡುಗೆಮನೆಯ ಅಕ್ಕಿಡಬ್ಬದ ಮೇಲೆ ಹೋಗಿ ಕೂರಬೇಕು. ಏಕಾದಶಿಯಂದು ಅಕ್ಕಿಯನ್ನೂ ಮುಟ್ಟುವಂತಿಲ್ಲ, ಫೋನನ್ನೂ ಮುಟ್ಟುವಂತಿಲ್ಲ. ದ್ವಾದಶಿಯ ಬೆಳಿಗ್ಗೆ ಪಾರಣೆ ಮುಗಿದ ಮೇಲೆಯೇ ಎರಡಕ್ಕೂ ಬಿಡುಗಡೆ.

"ದ್ವಾದಶಿ ಬೆಳಿಗ್ಗೆ ಹೇಳ್ತೀನಿ. ಆದ್ರೆ… ಇಲ್ಲ ಅನ್ನೋದಾದ್ರೆ ನನ್ನ ಬಾಯಲ್ಲಿ ಬರಲ್ಲ. ಫೋನ್ ಸ್ವಿಚ್ ಆಫ್ ಮಾಡಿಡ್ತೀನಿ. ನೀವೇ ಅರ್ಥ ಮಾಡ್ಕೊಳ್ಳಿ."

ಯಾಕೆ ಹಾಗೆ ಹೇಳಿದಳೋ! ಅವಳ ಮನಸ್ಸು ಆ ಕ್ಷಣವೇ ಹೂಂ ಅಂದುಬಿಟ್ಟಿತ್ತು. ನಾಚಿಕೆ ಮುಚ್ಚಿಕೊಳ್ಳಲು ಏನೋ ಒಂದು ಅಂದಿದ್ದಳು, ಅಷ್ಟೇ.

"ಸ್ವಿಚ್ ಆಫ್ ಬಂದ್ರೆ ಮತ್ತೆ ನಿನಗೆ ತೊಂದ್ರೆ ಕೊಡುವುದಿಲ್ಲ," ಎಂದು ರಜತ್ ಮೆಲ್ಲಗೆ ಎದ್ದುಹೋದ.

ಮನೆಗೆ ಬಂದರೆ ಫೋನಿನಲ್ಲಿ ಹೊಸ ಅಪ್‌ಡೇಟ್ ಬಂದಿತ್ತು. ವಾರದಿಂದ ಕೇಳುತ್ತಲೇ ಇತ್ತು. ಹೇಗೂ ನಾಳೆ ಮುಟ್ಟುವ ಹಾಗಿಲ್ಲ, ಈಗಲೇ ಮುಗಿಸೋಣ ಎಂದುಕೊಂಡು ಒತ್ತಿದಳು. ಫೋನು ಆರಿ ಮತ್ತೆ ಹೊತ್ತಿಕೊಂಡಿತು. ನೂರು ಪರ್ಸೆಂಟ್. ನಿಶ್ಚಿಂತೆಯಿಂದ ಅಕ್ಕಿಡಬ್ಬದ ಮೇಲಿಟ್ಟಳು.

ಏಕಾದಶಿಯಿಡೀ ಅವಳು ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದಳು. 'ಹೋಗಬೇಡಿ'… ಬೇಡ, ತುಂಬಾ ಚಿಕ್ಕದು. 'ನೀವಿಲ್ಲದೆ ನನಗೆ…' ಛೀ, ಇದು ಡೈರಿಯ ಮಾತು. ಬಾಯಲ್ಲಿ ಹೇಗೆ ಬರುತ್ತೆ!

ದ್ವಾದಶಿ. ಸೂರ್ಯ ಮೂಡುವ ಹೊತ್ತಿಗೇ ತೀರ್ಥ, ಪಾರಣೆ. ಎಲೆಯ ಮುಂದೆ ಕೂತರೂ ಅವಳ ಕಣ್ಣು ಅಕ್ಕಿಡಬ್ಬದ ಮೇಲೆ.

"ಮೆಲ್ಲಗೆ ತಿನ್ನು, ಯಾವ ಟ್ರೈನ್ ಹಿಡೀಬೇಕು ನೀನು?" ಅಮ್ಮ ವೆಂಕಟಲಕ್ಷ್ಮಿ ಗದರಿದಳು.

ಟ್ರೈನ್! ಆ ಮಾತಿಗೇ ಅವಳು ಎಲೆ ಬಿಟ್ಟು ಎದ್ದಳು.

ಕೈ ತೊಳೆದು ಓಡಿಬಂದು ಫೋನು ಎತ್ತಿಕೊಂಡಳು. ಕಪ್ಪು. ಗುಂಡಿ ಒತ್ತಿದಳು. ಕಪ್ಪು. ಮತ್ತೆ ಒತ್ತಿದಳು…

ಫೋನು ಸತ್ತಿತ್ತು!

ನೂರು ಪರ್ಸೆಂಟ್ ಇದ್ದದ್ದು, ಯಾರೂ ಮುಟ್ಟದೆಯೇ ಹೇಗೆ ಖಾಲಿಯಾಯಿತು? ಎಷ್ಟು ಹೊತ್ತಿನಿಂದ ಹೀಗಿದೆ? ಪಾರಣೆಯ ಹೊತ್ತು ಅವನಿಗೆ ಗೊತ್ತು. ಕಾದಿರುತ್ತಾನೆ. ತಡೆಯಲಾರದೆ ತಾನೇ ಕರೆದಿರುತ್ತಾನೆ. ಕರೆದಾಗ ಅವನ ಕಿವಿಗೆ ಬಿದ್ದ ಮಾತು ಯಾವುದು?

ಸ್ವಿಚ್ ಆಫ್.

'ನೀವೇ ಅರ್ಥ ಮಾಡ್ಕೊಳ್ಳಿ…'

ಚಾರ್ಜರ್ ಸಿಕ್ಕಿಸಿದಳು. ಬಹಳ ಹೊತ್ತಿನ ಮೇಲೆ ಫೋನು ಕಣ್ಣು ಬಿಟ್ಟಿತು. ಮೂರು ಪರ್ಸೆಂಟ್. ಸಿಗ್ನಲ್ ಇರುವ ಜಾಗದಲ್ಲಿ ಒಂದು ಅಡ್ಡಗೆರೆ. ಸಿಮ್ ತೆಗೆದು ಹಾಕಿದಳು. ಸಿಮ್ಮೇ ಇಲ್ಲ ಎಂದಿತು! ಮನೆಯ ವೈಫೈ ಸುಮ್ಮನೆ ಸುತ್ತುತ್ತಿತ್ತು. ಚಾರ್ಜಿಗಿಟ್ಟಿದ್ದರೂ ಮೂರು ಎರಡಾಯಿತು. ಫೋನಿನ ಬೆನ್ನು ದೋಸೆಕಲ್ಲಿನ ಹಾಗೆ ಸುಡುತ್ತಿತ್ತು. ಹೆಸರುಗಳ ಪಟ್ಟಿ ತೆರೆಯುವ ಮೊದಲೇ ಮತ್ತೆ ಕಪ್ಪು.

ಅಮ್ಮನ ಫೋನು ಪಕ್ಕದಲ್ಲೇ ಇತ್ತು. ಆದರೆ ಅವನ ನಂಬರು?

ಡೈರಿ ತೆಗೆದು ಹುಚ್ಚಿಯ ಹಾಗೆ ಪುಟ ತಿರುವಿದಳು. ಅವನ ಅಂಗಿಯ ಬಣ್ಣ ಇತ್ತು. ಅವನು ಕಾಫಿ ಆರಿಸುವ ರೀತಿ ಇತ್ತು. 'ಇವತ್ತು ಅವನಿಗೆ ಸೀನು ಬಂತು' ಎಂಬುದೂ ಇತ್ತು! ಎಂಟು ತಿಂಗಳಲ್ಲಿ ಸಾವಿರ ಸಾಲು ಬರೆದವಳು ಹತ್ತು ಅಂಕಿ ಬರೆದಿರಲಿಲ್ಲ.

ಅವಳು ಕಪಾಟಿಗೆ ಒರಗಿ ಕುಸಿದಳು. ಅಳು ಬಂತು, ಶಬ್ದ ಬರಲಿಲ್ಲ. ಅಳುವಾಗಲೂ ಅವಳದು ಮೌನವೇ.

'ಹೋಟೆಲಿಗೆ ಹೋಗು,' ಎಂದಿತು ಮನಸ್ಸು. 'ಹತ್ತು ನಿಮಿಷದ ದಾರಿ.'

ಹೋಗಿ ಏನನ್ನಲಿ? ಕೌಂಟರಿನಲ್ಲಿ ಅವನ ಮಾವ ಸದಾನಂದ ರಾಯರು ಇರುತ್ತಾರೆ. ಅಷ್ಟು ಜನರ ನಡುವೆ, ಮದುವೆ ಗೊತ್ತಾಗುತ್ತಿರುವ ಹುಡುಗನನ್ನು ಯಾವ ಹಕ್ಕಿನಿಂದ ಕೇಳಲಿ?

ಆಗಲಿಲ್ಲ ಅವಳಿಂದ. ಫೋನನ್ನೂ ಡೈರಿಯನ್ನೂ ಎತ್ತಿಕೊಂಡು, ಹೋಟೆಲಿನ ದಾರಿ ಬಿಟ್ಟು ಮೊಬೈಲ್ ರಿಪೇರಿ ಅಂಗಡಿಯ ದಾರಿ ಹಿಡಿದಳು. ಬಾಗಿಲು ತೆರೆದದ್ದೇ ಹತ್ತೂವರೆಗೆ. ಅವಳಿಗಿಂತ ಮುಂದೆ ಐದು ಜನ.

"ಅಪ್‌ಡೇಟ್ ಪಣ್ಣೀಂಗಳಾ?" ಅಂಗಡಿಯವನು ಫೋನು ನೋಡುವ ಮೊದಲೇ, ಅಪ್‌ಡೇಟ್ ಮಾಡಿದಿರಾ ಎಂದು ಕೇಳಿದ. ಈ ವಾರ ಬಂದದ್ದೆಲ್ಲ ಇದೇ ಕೇಸು ಎಂದು ತಲೆ ಕೆರೆದುಕೊಂಡ. ಏನೇನೋ ವೈರು ಚುಚ್ಚಿದ. ಗಡಿಯಾರ ಹನ್ನೊಂದೂವರೆ ಆಯಿತು, ಹನ್ನೆರಡೂವರೆ ಆಯಿತು. ಕೊನೆಗೆ ಕೈಚೆಲ್ಲಿದ. ಒಳಗಿದ್ದದ್ದೆಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಎರಡು ದಿನ ಬೇಕು. ನಂಬರು, ಫೋಟೋ, ವಾಯ್ಸ್ ಮೆಸೇಜು ಯಾವುದೂ ಉಳಿಯುವುದಿಲ್ಲ.

'ಊಟ ಆಯ್ತಾ ಮಾರಾಯ್ತಿ' ಎಂಬ ಅವನ ದನಿ. ದಿನವೂ ಕೇಳಿ ಮಲಗುತ್ತಿದ್ದ ದನಿ. ಅದೂ ಉಳಿಯುವುದಿಲ್ಲ.

ಗಂಟೆ ಒಂದೂವರೆ. ರೈಲು ಹೊರಟಾಗಿತ್ತು.

ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಅದಕ್ಕೇ ಇರಬೇಕು, ಕಾಲು ತಾನಾಗಿ ಹೋಟೆಲಿನ ಕಡೆ ನಡೆಯಿತು.

ಊಟದ ಹೊತ್ತಿನ ಗದ್ದಲ. ಬಾಗಿಲಲ್ಲೇ ಹಳೆಯ ಸಪ್ಲೈಯರ್ ಶೀನಣ್ಣ ಅವಳನ್ನು ಕಂಡು ನಿಂತುಬಿಟ್ಟ.

"ಈಗ ಬಂದದ್ದಾ ಅಕ್ಕಾ? ಬೆಳಿಗ್ಗೆ ಆರರಿಂದ ಆ ಹುಡುಗ ನಿಮ್ಮ ಮೂಲೆ ಟೇಬಲಲ್ಲಿ ಫೋನು ಕಿವಿಗೆ ಹಿಡ್ಕೊಂಡು ಕೂತಿದ್ದ. ಒಂದು ತೊಟ್ಟು ಕಾಫಿ ಕುಡೀಲಿಲ್ಲ!"

ಅವಳು ಕೌಂಟರಿನ ಮುಂದೆ ನಿಂತಳು.

"ರಾಯರೇ… ಅವರ ಹತ್ರ ನಾನು ಒಂದು ನಿಮಿಷ ಮಾತಾಡ್ಬೇಕು. ನನ್ನ ಫೋನ್… ನಾನು ಆಫ್ ಮಾಡಿದ್ದಲ್ಲ. ಅದಾಗೇ ಆಫ್ ಆಯ್ತು."

ಸದಾನಂದ ರಾಯರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ತಮ್ಮ ಹಳೆಯ ಬಟನ್ ಫೋನು ಒತ್ತಿ ಅವಳ ಕೈಗಿಟ್ಟರು.

"ಗಟ್ಟಿಯಾಗಿ ಮಾತಾಡು ಮಗಾ. ಅವ ರೈಲಲ್ಲಿದ್ದಾನೆ."

ರಿಂಗ್ ಆಯಿತು. ಆ ಕಡೆ ಗಾಳಿಯ ಸದ್ದು, ಹಳಿಯ ಸದ್ದು.

"ಹಲೋ? ಮಾವ?"

ಏಕಾದಶಿಯಿಡೀ ತಿದ್ದಿದ ವಾಕ್ಯ ಎಲ್ಲಿ ಹೋಯಿತು? ಇಪ್ಪತ್ತು ಜನ ತುತ್ತು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ರಜತ್!" ಅವಳು ಕೂಗಿದಳು. ಹೌದು, ಕೂಗಿದಳು! "ರಜತ್, ನಾನು… ಹೋಗಬೇಡಿ! ನಂಗೆ ನೀವು ಬೇಕು! ಹಲೋ… ಹಲೋ?"

ಬೀಪ್… ಬೀಪ್… ಬೀಪ್.

ರಾಯರು ಮತ್ತೆ ಒತ್ತಿದರು. ವ್ಯಾಪ್ತಿಯ ಹೊರಗಿದ್ದಾರೆ ಎಂದಿತು ಹೆಣ್ಣುದನಿ. ಐದು ಸಲವೂ ಅದೇ.

ಅವಳ ಜೀವಮಾನದ ಒಂದೇ ಒಂದು ಕೂಗು, ಅದೂ ಅವನನ್ನು ಮುಟ್ಟಲಿಲ್ಲ.

ಮೂಲೆ ಟೇಬಲಿಗೆ ಹೋಗಿ ಕೂತಳು. ಎದ್ದು ಮನೆಗೆ ಹೋಗುವ ಶಕ್ತಿಯೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ರಾಯರ ಫೋನು ಕೇಳಿ, ಬಾಯಿಪಾಠವಿದ್ದ ಒಂದೇ ನಂಬರನ್ನು ಒತ್ತಿದಳು.

"ಅಮ್ಮಾ… ನಾನು ಹೋಟೆಲಲ್ಲಿದ್ದೀನಿ. ಒಬ್ಬರಿಗೋಸ್ಕರ ಕಾಯ್ತಿದ್ದೀನಿ. ಬರ್ತಾರೋ ಇಲ್ವೋ ಗೊತ್ತಿಲ್ಲ."

"ಯಾರಿಗೋಸ್ಕರ?"

"ಯಾರು ಅಂತ ಮನೆಗೆ ಬಂದು ಹೇಳ್ತೀನಮ್ಮಾ. ಬಾಯಿಬಿಟ್ಟು ಹೇಳ್ತೀನಿ."

"…ಊಟ ಆಯ್ತಾ?"

"ಇಲ್ಲ."

"ಮೊದಲು ತಿನ್ನು. ಅಳ್ತಾ ತಿನ್ನಬೇಡ, ನೆತ್ತಿಗೆ ಹತ್ತುತ್ತೆ. ಆಮೇಲೆ ಬಂದು ಹೇಳು, ಸೆರಿಯಾ?"

ಶೀನಣ್ಣ ಬಡಿಸಿದ ಅನ್ನ ತಣ್ಣಗಾಯಿತು. ಊಟದವರು ಹೋದರು, ಬೆಂಚು ಒರೆಸಿದರು. ಸಂಜೆಯ ಕಾಫಿಯವರು ಬರತೊಡಗಿದರು. ಶೀನಣ್ಣ ಎರಡು ಸಲ ಕಾಫಿ ತಂದಿಟ್ಟ, ಎರಡು ಸಲ ಆರಿದ್ದನ್ನು ಎತ್ತಿಕೊಂಡು ಹೋದ. ಭಾನುವಾರ ಅವನ ಬೆರಳಿಗೆ ಉಂಗುರ ತೊಡಿಸುವ ಕೈ ಹೇಗಿರುತ್ತದೋ… ಅವಳು ಕಣ್ಣು ಮುಚ್ಚಿಕೊಂಡಳು.

"ಈ ಪ್ಲಗ್ಗಲ್ಲಿ ಇವತ್ತು ಫೋನೇ ಇಲ್ವಲ್ಲ."

ಅವಳು ಕಣ್ಣು ಬಿಡಲಿಲ್ಲ. ಬಿಟ್ಟರೆ ಆ ದನಿ ಇಲ್ಲವಾದೀತೆಂಬ ಭಯ.

"ಅರಕ್ಕೋಣಂನಲ್ಲಿ ಇಳಿದೆ. ಲೋಕಲ್ ಟ್ರೈನು, ನಿಂತ್ಕೊಂಡೇ ಬಂದೆ. ಕಾಲು ಸತ್ತುಹೋಗಿದೆ. ಕಣ್ಣಾದ್ರೂ ಬಿಡು ಮಾರಾಯ್ತಿ…"

ಹೆಗಲಲ್ಲಿ ಚೀಲ, ಕೆದರಿದ ತಲೆ, ಕೆಂಪಾದ ಕಣ್ಣು. ರಜತ್!

"ನೀವು… ನಾನು ಹೇಳಿದ್ದು ಕೇಳಿಸ್ತಾ?"

"ಎರಡೇ ಮಾತು ಕೇಳಿಸಿದ್ದು. 'ರಜತ್, ನಾನು'. ಅಷ್ಟೇ, ಕಟ್ ಆಯ್ತು. ಆಮೇಲೆ ನನ್ನ ಫೋನಿನ ಚಾರ್ಜೂ ಮುಗೀತು."

"ಅಷ್ಟಕ್ಕೇ ಇಳಿದುಬಿಟ್ರಾ?"

"ಎಂಟು ತಿಂಗಳಲ್ಲಿ ಮೊದಲ ಸಲ ನೀನು ನನ್ನ ಹೆಸರು ಕರೆದದ್ದು. ಬಾಕಿದ್ದು ಎಂತ ಅಂತ ಕೇಳದೆ ಊರಿಗೆ ಹೋಗ್ಲಿಕ್ಕೆ ಆಗ್ತದಾ?" ಅವನ ದನಿ ಸಣ್ಣದಾಯಿತು. "ಬೆಳಿಗ್ಗೆ ಹದಿನೇಳು ಸಲ ಕರೆದೆ ಸುಮೇಧಾ. ಹದಿನೇಳು ಸಲವೂ ಸ್ವಿಚ್ ಆಫ್."

"ಆಫ್ ಆಗಿದ್ದು ಫೋನು. ನಾನಲ್ಲ." ತಡೆದಿಟ್ಟ ಅಳು ಈಗ ಶಬ್ದವಾಗಿ ಹೊರಬಂತು. "ನಿಮ್ಮ ನಂಬರ್ ಕೂಡ ನಂಗೆ ಗೊತ್ತಿಲ್ಲ. ಡೈರಿಯಲ್ಲಿ ಎಲ್ಲಾ ಬರ್ದಿದ್ದೆ… ಅದೊಂದೇ ಬರ್ದಿರಲಿಲ್ಲ."

ಅವನು ಎದುರಿಗೆ ಕೂತ. ಮೇಜಿನ ಮೇಲಿದ್ದ ಡೈರಿಯನ್ನು ತೆರೆಯದೆ ಅವಳ ಕಡೆಗೆ ಸರಿಸಿದ.

"ಬರ್ಕೋ. ಒಂಬತ್ತು… ಎಂಟು… ನಾಲ್ಕು…"

ಅವಳು ಕಣ್ಣೊರೆಸಿಕೊಂಡು ಒಂದೊಂದೇ ಅಂಕಿ ಬರೆದಳು. ಒಂಬತ್ತು ಅಂಕಿ ಆಯಿತು. ಅವನು ನಿಲ್ಲಿಸಿದ.

"ಇನ್ನೊಂದು ಇದೆಯಲ್ಲ?"

"ಉಂಟು. ಆದ್ರೆ ಮೊದಲು ನಿನ್ನ ಬಾಕಿ. 'ರಜತ್, ನಾನು'… ಆಮೇಲೆ ಎಂತ?"

ಕೌಂಟರಿನಿಂದ ರಾಯರು ನೋಡುತ್ತಿದ್ದರು. ಶೀನಣ್ಣ ಖಾಲಿ ಟೇಬಲನ್ನು ಮೂರನೇ ಸಲ ಒರೆಸುತ್ತಿದ್ದ. ಸುಮೇಧಾ ತಲೆ ತಗ್ಗಿಸಲಿಲ್ಲ.

"ರಜತ್, ನಾನು ನಿಮ್ಮನ್ನ ಬಿಟ್ಟು ಇರಲ್ಲ. ಮನೆಗೆ ಬನ್ನಿ. ತಾತನ ಮುಂದೆ ಮೊದಲು ನಾನೇ ಹೇಳ್ತೀನಿ."

ಕೊನೆಯ ಅಂಕಿಗಾಗಿ ಪೆನ್ನು ಹಿಡಿದಿದ್ದ ಅವಳ ಬೆರಳುಗಳ ಮೇಲೆ ಅವನು ತನ್ನ ಕೈಯಿಟ್ಟ.

"ಏಳು," ಎಂದ.