ಗಾಡಿ ಯಾರ ಹೆಸರಿಗೆ?

“ಯಾ ಸರ್, ಬಸಾ ನಾ...” ಎಂದು ಮರಾಠಿಯಲ್ಲಿ ಸ್ವಾಗತಿಸುತ್ತ ತಲೆ ಎತ್ತಿದ ರಂಜನಿಯ ಮಾತು ಅಲ್ಲೇ ನಿಂತಿತು.

ಎದುರಿಗೆ ಓಂಕಾರ!

ವಾರಗಟ್ಟಲೆ ಫೋನ್ ಎತ್ತದ ಓಂಕಾರ. ಇಲ್ಲೇ ನಾಸಿಕದ ಬ್ಯಾಂಕಿನಲ್ಲಿದ್ದಾಗ, ಗಿರಾಕಿಗಳ ಕಾರು ಸಾಲದ ಕಾಗದ ಹಿಡಿದು ಹೋದ ಅವಳನ್ನು ಕನ್ನಡದಲ್ಲಿ ಮಾತಾಡಿಸಿ, ಕೊನೆಗೆ ಮನಸ್ಸನ್ನೇ ಕೇಳಿದವನು. ಸಂಭಾಜಿನಗರಕ್ಕೆ ವರ್ಗವಾಗಿ ಹೋಗುವಾಗ “ನಮ್ಮ ಮದುವಿ ಮಾತು ಅವ್ವನ ಮುಂದ ಇಡ್ತೀನಿ” ಎಂದಿದ್ದವನು. ಈಗ ಬಂದಿದ್ದಾನೆ, ಅವಳು ಕೆಲಸ ಮಾಡುವ ಈ ದುಬಾರಿ ಕಾರುಗಳ ಶೋರೂಮಿಗೆ!

ಜೊತೆಗೆ ಹಣೆಗೆ ವಿಭೂತಿ ಹಚ್ಚಿದ ಹಿರಿಯರೊಬ್ಬರು. ಮೇಜಿನ ಮೇಲಿದ್ದ ಅವಳ ಹೆಸರು ಓದಿ ಅವರ ಮುಖ ಅರಳಿತು.

“ಹಿರೇಮಠ! ನಮ್ಮ ಕಡಿಯಾಕಿ ಏನವಾ ನೀ? ನಾ ಭಾಲ್ಕಿಯಂವ, ವಿಶ್ವನಾಥಪ್ಪ. ಇಲ್ಲೇ ಸಾತಪುರದಾಗ ನಂದೊಂದು ಸಣ್ಣ ಕಂಪನಿ ಅದ. ಇಂವ ನಮ್ಮ ಅಕ್ಕನ ಮಗ. ನನ್ನ ಮಗಳು ಲತಾನ್ನ ಇವಗೇ ಕೊಡಲತೀನಿ. ಅಳಿಯಗ ಗಾಡಿ ಬೇಕಲಾ!”

ಸೋದರಮಾವ ಮಗಳನ್ನು ಕೊಡುತ್ತೇನೆಂದರೆ ನಮ್ಮ ಕಡೆ ಮರುಮಾತು ಆಡುವವರು ಯಾರು?

ರಂಜನಿಗೆ ಎದ್ದು ಓಡಿಬಿಡಬೇಕೆನಿಸಿತು. ಆದರೆ ಗಾಜಿನ ಕೋಣೆಯಿಂದ ಮ್ಯಾನೇಜರ್ ನೋಡುತ್ತಿದ್ದರು. ಗಿರಾಕಿಯ ಮುಂದೆ ನಗುವುದೂ ಸಂಬಳದೊಳಗೇ ಸೇರಿತ್ತು. ಪಾಪ, ನಕ್ಕಳು.

“ಭಾಳ ಛಲೋ ಆಯ್ತು ಕಾಕಾ... ಯಾವ ಗಾಡಿ ನೋಡೀರಿ?”

ಅವರು ಬಾಗಿಲ ಬಳಿಯ ಕಪ್ಪು ಪೆಟ್ರೋಲ್ ಗಾಡಿಯತ್ತ ಕೈ ತೋರಿಸಿದರು. “ಅದೇ. ಆದ್ರ ಬೋರ್ಡಿನ ರೇಟು ಒಂದು, ರಸ್ತಾಕ್ಕ ಇಳಿಯೂ ಹೊತ್ತಿಗೆ ಇನ್ನೊಂದು. ಯಾಕವಾ ಹಿಂಗ?”

“ಬೋರ್ಡಿನ ರೇಟಿನಾಗ ಜಿಎಸ್‌ಟಿ ಸೇರೇದ್ರಿ, ದೊಡ್ಡ ಗಾಡಿಗೆ ನೂರಕ್ಕ ನಲವತ್ತು. ಅದರ ಮ್ಯಾಲೆ ರೋಡ್ ಟ್ಯಾಕ್ಸು, ಇನ್ಶೂರೆನ್ಸು. ಹತ್ತು ಲಕ್ಷ ದಾಟಿದ ಗಾಡಿಗೆ ಟಿಸಿಎಸ್ ಅಂತ ನೂರಕ್ಕೊಂದು ನಾವು ಹಿಡೀತೀವಿ. ಅದು ದಂಡ ಅಲ್ರಿ. ಯಾರ ಪ್ಯಾನ್ ಮ್ಯಾಲೆ ಗಾಡಿ ತಗೋತೀರೋ, ಅವರ ಇನ್‌ಕಮ್ ಟ್ಯಾಕ್ಸಿನಾಗ ವಜಾ ಆಗ್ತದ.”

“ಹಂಗಾದ್ರ ಕಂಪನಿ ಹೆಸರಿಗೇ ಹಾಕಿಬಿಡು. ಜಿಎಸ್‌ಟಿ ಪೂರಾ ವಾಪಸ್ ಬರ್ತದಲಾ!”

ಓಂಕಾರ ನೆಲವನ್ನೇ ನೋಡುತ್ತಿದ್ದ.

‘ಸುಮ್ಮನಿದ್ದರೆ? ನನ್ನ ಬದುಕನ್ನೇ ಕಸಿದುಕೊಂಡವರ ದುಡ್ಡು ಹೋದರೆ ನನಗೇನು?’ ಅವಳೊಳಗೆ ಕೆಟ್ಟ ಆಸೆಯೊಂದು ತಲೆ ಎತ್ತಿತು. ಆದರೆ ಆ ಹಿರಿಯರು ಮನೆಮಗಳನ್ನು ಕೇಳುವಂತೆ ಅವಳ ಮುಖವನ್ನೇ ನೋಡುತ್ತಿದ್ದರು. ಅವಳಿಂದ ಆಗಲಿಲ್ಲ.

“ಬರೂದಿಲ್ರಿ ಕಾಕಾ. ಇಂಥ ಗಾಡಿ ಜಿಎಸ್‌ಟಿ ನಿಮ್ಮ ಕಂಪನಿಗೆ ವಾಪಸ್ ಸಿಗೂದಿಲ್ಲ. ಮ್ಯಾಲಾಗಿ ಕಂಪನಿ ಹೆಸರಿಗೆ ರೋಡ್ ಟ್ಯಾಕ್ಸ್ ನೂರಕ್ಕ ಇಪ್ಪತ್ತು. ಸ್ವಂತ ಹೆಸರಿಗಾದ್ರ ಹದಿಮೂರು.”

“ಅರೇ ದೇವಾ! ಬಚಾಯಿಸಿದಿ ನೋಡು ಮಗಳೇ! ಹಂಗಾದ್ರ ಓಂಕಾರನ ಹೆಸರಿಗೇ ಹಾಕು. ಆ ನೂರಕ್ಕೊಂದೂ ಅವಗೇ ಸಿಗಲಿ.”

ತನ್ನ ಓಂಕಾರನನ್ನು ತಾನೇ, ತನ್ನ ಬಾಯಿಂದಲೇ, ಇನ್ನೊಬ್ಬಳಿಗೆ ಒಪ್ಪಿಸಿಬಿಟ್ಟಳಲ್ಲ! ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಪ್ಯಾನ್ ಕಾರ್ಡ್ ಕೊಡ್ರಿ... ಸರ್.”

ಆ ‘ಸರ್’ ಓಂಕಾರನನ್ನು ಚುಚ್ಚಿತು. ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಅವಳು ಕೈ ಚಾಚುವಷ್ಟರಲ್ಲಿ ಮತ್ತೆ ಎತ್ತಿಕೊಂಡ.

“ಮಾಮಾ... ನನ್ನ ಕೈಲೆ ಆಗೂದಿಲ್ರಿ.”

“ಏನಾಗೂದಿಲ್ಲ?”

“ಅಪ್ಪ ಹೋದ ಮ್ಯಾಲೆ ನೀವೇ ಓದಿಸಿದ್ರಿ. ನಿಮಗ ಇಲ್ಲ ಅನ್ನಲಿಕ್ಕ ಬಾಯಿ ಬರಲಿಲ್ಲ. ಗಾಡಿ ಕಂಪನಿ ಹೆಸರಿಗಿದ್ದಿದ್ರ ಇವತ್ತೂ ಸುಮ್ಮ ಕೂಡ್ತಿದ್ದೆ. ನನ್ನ ಹೆಸರಿಗಂದ್ರ ನಾ ಸಹಿ ಮಾಡಿ ತಗೋಬೇಕು. ಗಾಡೀನೂ ಬ್ಯಾಡ್ರಿ, ಲತಾ ಕೂಡ ಮದುವೀನೂ ಬ್ಯಾಡ್ರಿ. ನಾ ಬ್ಯಾರೆ ಹುಡುಗಿಗೆ ಮಾತು ಕೊಟ್ಟೀನಿ.”

“ಯಾವ ಹುಡುಗಿ?”

ಓಂಕಾರನ ಕಣ್ಣು ರಂಜನಿಯತ್ತ ಹೊರಳಿತು. ರಂಜನಿಗೆ ತಡೆಯಲಾಗದೆ ಕಣ್ಣೀರು ಕೆನ್ನೆಗಿಳಿಯಿತು. ವಿಶ್ವನಾಥಪ್ಪನವರಿಗೆ ಎಲ್ಲವೂ ತಿಳಿಯಿತು.

“ಲತಾಗ ಏನು ಹೇಳಲೋ? ನಿಮ್ಮವ್ವಗ ಏನು ಹೇಳಲಿ?” ಎದ್ದು ನಿಂತು ರಂಜನಿಯನ್ನು ನೋಡಿದರು. “ನೀ ಒಂದು ಸುಳ್ಳರೆ ಹೇಳಿದ್ರ ನಿನ್ನ ಮ್ಯಾಲೆ ಸಿಟ್ಟರೆ ಮಾಡ್ತಿದ್ದೆನವಾ...”

ಮೆಲ್ಲಗೆ ಬಾಗಿಲ ಕಡೆ ನಡೆದರು.

ರಂಜನಿ ಕಣ್ಣೊರೆಸಿಕೊಂಡಳು. “ಒಂದು ಫೋನ್ ಮಾಡಬಾರದಿತ್ತೇನು? ನಾನೇ ಬ್ಯಾಡಾದೆ ಅನ್ಕೊಂಡಿದ್ದೆ!”

“ಏನಂತ ಮಾಡಲಿ? ಅಂಜಿಬಿಟ್ಟಿದ್ದೆ ರಂಜನಿ...”

“ಕಂಪನಿ ಹೆಸರಿಗೆ ಟ್ಯಾಕ್ಸ್ ಹೆಚ್ಚಂತ ಬ್ಯಾಂಕಿನವಗ ಗೊತ್ತಿರಲಿಲ್ಲ?”

“ಗೊತ್ತಿತ್ತು. ನನ್ನ ಹೆಸರು ಬರಬಾರದಂತ ಬಾಯಿ ಮುಚ್ಚಿಕೊಂಡಿದ್ದೆ. ನೀ ಹೇಳಿಬಿಟ್ಟಿ!”

“ನಂಬಿ ಕೇಳಿದ್ರು, ಹೇಳಿದೆ. ಒಂದೊಂದು ಮಾತಿಗೂ ಜೀವ ಹೋಗಲತಿತ್ತು ಓಂಕಾರ...”

ಅವನು ಅವಳ ಕೈ ಹಿಡಿದ. “ಅವ್ವ ಮಾತು ಬಿಡ್ತಾಳ. ಮಾಮಾ ಬಾಗಿಲು ತೆಗೆಯೂದಿಲ್ಲ. ಇಂಥವನ ಕೂಡ ಬರ್ತಿ ಏನು?”

“ಬರ್ತೀನಿ. ಮೊದಲ ನೀ ಅವರ ಹಿಂದ ಹೋಗು. ಇಂಥ ಹೊತ್ತಿನಾಗ ಅವರೊಬ್ಬರೇ ಗಾಡಿ ಓಡಿಸಬಾರದು.”

“ಬೈತಾರ.”

“ಬೈಸ್ಕೋ. ಆಮ್ಯಾಲೆ ಸೀದಾ ನಮ್ಮ ಮನಿಗೆ ಬಾ... ನಾ ಬೈಯೂದು ಇನ್ನಾ ಬಾಕಿ ಅದ!”